ಬಾಯಿಮಾತಿನ ತೂಕ

ನಾಲ್ಕು ವರ್ಷದ ಹಿಂದೆ ನರ್ಸಣ್ಣ ಏರ್ ಆಂಬುಲೆನ್ಸಿನ ಕೆಲಸಕ್ಕೆ ಸೇರಿದ ದಿನ, ಫಾರಂ ತುಂಬುತ್ತಿದ್ದ ಗುಮಾಸ್ತ ತಲೆಯನ್ನೂ ಎತ್ತದೆ, "ತೂಕ ಎಷ್ಟು?" ಎಂದು ಕೇಳಿದ್ದ. ಅಲ್ಲಿ ತಕ್ಕಡಿ ಇರಲಿಲ್ಲ. ನರ್ಸಣ್ಣ ಹೊಟ್ಟೆಯನ್ನು ಒಳಗೆಳೆದುಕೊಂಡು, "ಎಂಬತ್ನಾಲ್ಕು" ಎಂದ. ಹೊಟ್ಟೆ ಒಳಗೆಳೆದುಕೊಂಡರೆ ತೂಕವೇನೂ ಕಡಿಮೆಯಾಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೆ ಇಬ್ಬರಿಗೂ ಊಟದ ಹೊತ್ತಾಗಿತ್ತು. ಗುಮಾಸ್ತ ಬರೆದುಕೊಂಡ.

ಆಮೇಲೆ ನರ್ಸಣ್ಣನ ಬೆಲ್ಟಿಗೆ ಮೂರು ಹೊಸ ತೂತು ಬಿದ್ದವು, ಮನೆಯ ಹಳೆ ಮಂಚ ಒಂದು ಮಧ್ಯಾಹ್ನ ನಡು ಮುರಿದುಕೊಂಡು ಮಲಗಿತು, ಕಡತದಲ್ಲಿ ಮಾತ್ರ ಅವನು ಎಂಬತ್ನಾಲ್ಕಾಗಿಯೇ ಉಳಿದ. ವಯಸ್ಸು ಕೂಡ ಹೀಗೆ ಒಂದೇ ಕಡೆ ನಿಲ್ಲುವ ಹಾಗಿದ್ದರೆ ಎಷ್ಟು ಚೆನ್ನ ಎಂದು ಅವನಿಗೆ ಆಗಾಗ ಅನ್ನಿಸುತ್ತಿತ್ತು.

ಈ ನೆಮ್ಮದಿಗೆ ಕಲ್ಲು ಬಿದ್ದದ್ದು ಒಂದು ಸುತ್ತೋಲೆಯಿಂದ. ಬೆಳಿಗ್ಗೆ ಆರಕ್ಕೆ ಕಣ್ಣುಜ್ಜಿಕೊಳ್ಳುತ್ತ ಫೋನು ನೋಡಿದರೆ ಕಚೇರಿಯಿಂದ ಬಂದು ಕೂತಿತ್ತು. ಬಿಸಿಲು ಏರಿದ ಹಾಗೆ ಗಾಳಿ ತೆಳ್ಳಗಾಗಿ ಹೆಲಿಕಾಪ್ಟರಿಗೆ ಹೊರುವ ಶಕ್ತಿ ಕುಗ್ಗುತ್ತದೆ, ಗುಡ್ಡದ ಹಳ್ಳಿಗಳಲ್ಲಿ ಇಳಿಯುವ ಜಾಗ ಇಕ್ಕಟ್ಟು, ಕರೆತರಲು ಹೋದವರೇ ಭಾರವಾದರೆ ರೋಗಿಗೆ ಜಾಗವೆಲ್ಲಿ? ಆದ್ದರಿಂದ ಇಂದು ಸಂಜೆ ನಾಲ್ಕಕ್ಕೆ ಮುಖ್ಯ ಕಚೇರಿಯ ತೂಕದ ಅಧಿಕಾರಿಗಳು ಖುದ್ದಾಗಿ ತಕ್ಕಡಿಯೊಂದಿಗೆ ಬರುತ್ತಾರೆ. ಬೂಟು ಬಟ್ಟೆ ಸಮೇತ ತೊಂಬತ್ತು ಕೆಜಿ ಮೀರಿದವರು ಇನ್ನು ಹಾರುವಂತಿಲ್ಲ. ಅವರನ್ನು ಉಗ್ರಾಣಕ್ಕೆ ಹಾಕಲಾಗುವುದು.

ಉಗ್ರಾಣ ಎಂಬ ಪದ ಓದಿ ನರ್ಸಣ್ಣ ಹಾಸಿಗೆಯಲ್ಲಿ ಎದ್ದು ಕೂತ. ಅದು ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ಹತ್ತಿಯ ಉರುಳೆ, ಸೂಜಿ ಡಬ್ಬ, ಒಂದು ಟ್ಯೂಬ್‌ಲೈಟು. ಆರು ವರ್ಷದ ಹಿಂದೆ ಅಲ್ಲಿಗೆ ಹೋದವನೊಬ್ಬ ಈಗ ಹತ್ತಿಯ ಉರುಳೆಗಳ ಜೊತೆ ಕಷ್ಟಸುಖ ಮಾತಾಡುತ್ತಾನೆ ಎಂಬ ಸುದ್ದಿಯಿತ್ತು. ನರ್ಸಣ್ಣನನ್ನು ಬೇರೆ ಯಾವ ವಿಷಯದಲ್ಲೂ ಜಾಣನೆಂದು ಯಾರೂ ಹೇಳಿದ್ದಿಲ್ಲ, ಅವನೂ ಹೇಳಿಕೊಂಡಿದ್ದಿಲ್ಲ. ಆದರೆ ಅಲುಗಾಡುವ ಹೆಲಿಕಾಪ್ಟರಿನಲ್ಲಿ ಒಂದೇ ಚುಚ್ಚಿಗೆ ರೋಗಿಯ ನರ ಹಿಡಿಯುವುದು ಇಡೀ ಆಸ್ಪತ್ರೆಯಲ್ಲಿ ಅವನೊಬ್ಬನಿಗೇ ಬರುತ್ತಿತ್ತು. ಆ ಹಿಂದಿನ ಎಡಗಡೆಯ ಸೀಟೊಂದೇ ಅವನು ಬದುಕಿನಲ್ಲಿ ಸಂಪಾದಿಸಿದ ಮರ್ಯಾದೆ.

ಬೂಟು, ಬಟ್ಟೆ, ಜಾಕೆಟ್ಟು ಎಲ್ಲ ಏರಿಸಿಕೊಂಡು ಬಚ್ಚಲುಮನೆಯ ತೂಕದ ಯಂತ್ರದ ಮೇಲೆ ನಿಂತ. ತೊಂಬತ್ತಮೂರೂವರೆ. ನೆಲ ಸಮ ಇಲ್ಲವೇನೋ ಎಂದು ಅಡುಗೆಮನೆಗೆ ಒಯ್ದ. ಅಲ್ಲೂ ಅಷ್ಟೇ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಯಿತು. ಪಡಸಾಲೆಯ ಕಾರ್ಪೆಟ್ಟಿನ ಮೇಲೆ ಇಟ್ಟು ನಿಂತರೆ ತೊಂಬತ್ತೊಂದು ತೋರಿಸಿತು. ನಿಜವಾದ ತೂಕ ಇದೇ ಇರಬೇಕು ಎಂದುಕೊಂಡ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ ಕೇಳಿದಳು, "ಏನ್ರೀ, ಆ ಸಾಹೇಬ್ರು ಕಾರ್ಪೆಟ್ಟೂ ತರ್ತಾರಂತಾ?"

"ತಮಾಷೆ ಮಾಡಬೇಡ ಕಣೇ. ಸಂಜೆಯೊಳಗೆ ಮೂರೂವರೆ ಕೆಜಿ ಇಳೀಬೇಕು."

"ಮದುವೆಯಾದಾಗಿಂದ ಹೇಳ್ತಿದೀನಿ. ಆಗಿಂದ ದಿನಕ್ಕೆ ಒಂದು ಗ್ರಾಂ ಇಳಿಸಿದ್ರೂ ಸಾಕಿತ್ತು."

"ಇವತ್ತು ನಂಗೆ ತಿಂಡಿ ಬೇಡ. ಊಟ ಬೇಡ. ನೀರೂ ಬೇಡ."

ಹೆಂಡತಿ ಗಾಬರಿಯಾಗಿ ಅವನ ಹಣೆ ಮುಟ್ಟಿ ನೋಡಿದಳು. ತಿಂಡಿ ಬೇಡ ಅನ್ನುವ ಮಾತು ಅವನ ಬಾಯಲ್ಲಿ ಇದುವರೆಗೆ ಜ್ವರ ಬಂದಾಗಲೂ ಬಂದಿರಲಿಲ್ಲ.

ಈ ಮಾತುಕತೆ ಪಕ್ಕದ ಮನೆಯ ಡ್ರಿಲ್ ಮೇಷ್ಟ್ರ ಕಿವಿಗೆ ಬಿತ್ತು. ಶಾಲೆಯಿಂದ ನಿವೃತ್ತರಾಗಿ ಎಂಟು ವರ್ಷವಾಗಿದ್ದರೂ ಅವರ ಕೊರಳಿನ ಸೀಟಿ ನಿವೃತ್ತವಾಗಿರಲಿಲ್ಲ. ಕಾಂಪೌಂಡಿನ ಮೇಲಿಂದ ತಲೆ ಹಾಕಿ, "ಮೂರೂವರೆ ತಾನೇ? ಬಾ ಇಲ್ಲಿ" ಅಂದರು.

"ಇವತ್ತೊಂದೇ ದಿನ ಇರೋದು ಮೇಷ್ಟ್ರೇ."

"ಯುದ್ಧಕಾಲೇ ಶಸ್ತ್ರಾಭ್ಯಾಸ ಅಂದ್ರೆ ಇದೇ ನೋಡು. ಇರ್ಲಿ, ಮೈಯಲ್ಲಿರೋ ನೀರು ಇಳಿಸಿದ್ರೆ ಸಾಕು. ರೇನ್‌ಕೋಟು ಹಾಕ್ಕೊ. ಅದರ ಒಳಗೆ ಸ್ವೆಟರು. ತಲೆಗೆ ಉಲ್ಲನ್ ಟೋಪಿ."

"ಬಿಸಿಲು ಕಾಲ ಮೇಷ್ಟ್ರೇ."

"ಅದಕ್ಕೇ ಹೇಳಿದ್ದು."

ಹೀಗೆ ಆಕಾಶದಲ್ಲಿ ಒಂದು ಚೂರು ಮೋಡವಿಲ್ಲದ ಬೆಳಿಗ್ಗೆ, ನರ್ಸಣ್ಣ ಮೊಣಕಾಲುದ್ದದ ರೇನ್‌ಕೋಟು ತೊಟ್ಟು ಬೀದಿಯಲ್ಲಿ ಓಡತೊಡಗಿದ. ಹಿಂದಿನಿಂದ ಸೈಕಲ್ಲಿನಲ್ಲಿ ಸೀಟಿ ಊದುತ್ತ ಮೇಷ್ಟ್ರು. ಮೊದಲನೇ ಸುತ್ತಿಗೆ ಬೀದಿಯವರು ಕಿಟಕಿ ತೆಗೆದರು, ಎರಡನೇ ಸುತ್ತಿಗೆ ಕುರ್ಚಿ ತಂದು ಹೊರಗೆ ಹಾಕಿಕೊಂಡರು, ಮೂರನೇ ಸುತ್ತಿಗೆ ಸಲಹೆ ಕೊಡಲು ಶುರುಮಾಡಿದರು. ಟೈಲರು ಅಂಗಡಿಯಿಂದ ಕೂಗಿ, ಪ್ಯಾಂಟಿನ ಮಡಿಕೆ ಬಿಚ್ಚಿ ಕತ್ತರಿಸಿದರೆ ಐವತ್ತು ಗ್ರಾಂ ಇಳಿಯುತ್ತದೆ ಎಂದ. ಔಷಧಿ ಅಂಗಡಿಯವನು ಭೇದಿ ಮಾತ್ರೆಯ ಹೆಸರು ಹೇಳಿದ. ಮೂಲೆಮನೆಯ ಅಜ್ಜಿಯೊಬ್ಬರು ಮಾತ್ರ, "ಪಾಪ, ಚಿನ್ನದಂಥ ಮನುಷ್ಯ ಇದ್ದ, ಯಾವಾಗಿಂದ ಹೀಗಾಯ್ತು?" ಎಂದು ಹೆಂಡತಿಯನ್ನು ಮರುಕದಿಂದ ಕೇಳಿದರು.

ಐದನೇ ಸುತ್ತಿಗೆ ಬೀದಿನಾಯಿಗೂ ಕುತೂಹಲ ತಡೆಯಲಿಲ್ಲ. ಅದು ರೇನ್‌ಕೋಟಿನ ತುದಿ ಕಚ್ಚಿ ಎಳೆಯಿತು. ನರ್ಸಣ್ಣ ಮುಗ್ಗರಿಸಿ ಬಿದ್ದ. ಮೊಣಕಾಲು ತರಚಿತು. ಸ್ವತಃ ನರ್ಸಾದ್ದರಿಂದ ತಾನೇ ಶುಚಿಯಾಗಿ ಪಟ್ಟಿ ಕಟ್ಟಿಕೊಂಡ. ಆಮೇಲೆ ಪಟ್ಟಿಯ ತೂಕ ನೆನಪಾಗಿ ಅರ್ಧ ಬಿಚ್ಚಿದ.

ಮನೆಗೆ ಬಂದು ತೂಗಿದರೆ ತೊಂಬತ್ತೆರಡು. ಮೇಷ್ಟ್ರು ಎದೆಯುಬ್ಬಿಸಿದರು. ಹೆಂಡತಿ ತಟ್ಟೆಯಲ್ಲಿದ್ದ ಮೊಟ್ಟೆಗಳನ್ನು ಅವನ ಕಣ್ಣಿಗೆ ಬೀಳದಂತೆ ಮುಚ್ಚಿಟ್ಟಳು. ಆದರೆ ವಾಸನೆಗೆ ಮುಚ್ಚಳವಿಲ್ಲ. ನರ್ಸಣ್ಣ ಮೂಗು ಹಿಡಿದುಕೊಂಡೇ ಮನೆ ಬಿಟ್ಟ.

ಹೆಲಿಕಾಪ್ಟರಿನ ಶೆಡ್ಡಿನಲ್ಲಿ ಮೆಕ್ಯಾನಿಕ್ಕು ಅವನಿಗಾಗಿಯೇ ಕಾಯುತ್ತಿದ್ದ. ಅವನಿಗೆ ಯಂತ್ರ ಬಿಟ್ಟರೆ ಇನ್ನೊಬ್ಬರ ಕಷ್ಟ ಅಂದರೆ ಪ್ರಾಣ. ನರ್ಸಣ್ಣನನ್ನು ಸುತ್ತು ಹಾಕಿ, ರಿಪೇರಿಗೆ ಬಂದ ಗಾಡಿಯನ್ನು ನೋಡುವ ಹಾಗೆ ಮೇಲಿಂದ ಕೆಳಗೆ ನೋಡಿದ.

"ಅಣ್ಣಾ, ಒಳಗಿನ ಭಾರ ನೀವು ನೋಡ್ಕೊಂಡಿದೀರಿ. ಹೊರಗಿನದು ನಂಗೆ ಬಿಡಿ. ಮೊದಲು ಜೇಬು ಖಾಲಿ ಮಾಡಿ."

ಜೇಬುಗಳಿಂದ ಕತ್ತರಿ, ಟಾರ್ಚು, ಬೀಗದ ಕೈ ಗೊಂಚಲು, ಯಾವತ್ತೋ ತೆಗೆದುಕೊಂಡ ಬಸ್ ಟಿಕೆಟ್ಟುಗಳು, ಎರಡು ಪೊಟ್ಟಣ ಬಿಸ್ಕತ್ತು ಹೊರಬಂದವು. ಮೆಕ್ಯಾನಿಕ್ಕು ಬೋಲ್ಟು ತೂಗುವ ಸಣ್ಣ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ. ಉಕ್ಕಿನ ಮೂತಿಯ ಬೂಟು ಹೋಗಿ ಕ್ಯಾನ್ವಾಸ್ ಬೂಟು ಬಂತು. ದಪ್ಪ ಬೆಲ್ಟು ಹೋಗಿ ಲಾಡಿ ಬಂತು.

"ಈಗ ಎಷ್ಟಿದೀನೋ?"

"ಇಲ್ಲಿ ಮನುಷ್ಯರನ್ನ ತೂಗೋ ತಕ್ಕಡಿ ಇಲ್ಲಣ್ಣಾ. ಸಾಮಾನು ತೂಗೋ ಕೊಕ್ಕೆ ಇದೆ."

ಎಂಜಿನ್ನಿನ ಭಾಗಗಳನ್ನು ಎತ್ತಿ ತೂಗುವ ಕೊಕ್ಕೆ ಅದು, ಚಾವಣಿಯಿಂದ ಸರಪಳಿಯಲ್ಲಿ ಇಳಿಬಿದ್ದಿತ್ತು. ನರ್ಸಣ್ಣನ ಸೊಂಟಕ್ಕೂ ತೊಡೆಗೂ ಪಟ್ಟಿ ಬಿಗಿದು, ಬೆನ್ನ ಹಿಂದೆ ಕೊಕ್ಕೆ ಸಿಕ್ಕಿಸಿ, ಮೆಕ್ಯಾನಿಕ್ಕು ಸರಪಳಿ ಎಳೆದ. ನರ್ಸಣ್ಣ ನೆಲ ಬಿಟ್ಟು ಎರಡಡಿ ಮೇಲೆ ಹೋಗಿ, ಕೈಕಾಲು ಇಳಿಬಿಟ್ಟು ನಿಧಾನಕ್ಕೆ ತಿರುಗತೊಡಗಿದ. ಮುಳ್ಳು ತೊಂಬತ್ತು ದಾಟಿ ಅರ್ಧಕ್ಕೆ ಸ್ವಲ್ಪ ಈಚೆ ನಿಂತಿತು. ಇನ್ನು ಅರ್ಧ ಕೆಜಿಯೂ ಇಲ್ಲ. ನಾಲ್ಕು ಗಂಟೆಯೊಳಗೆ ಬೆವರಿದರೆ ಸಾಕು. ಅವನ ಕಣ್ಣಲ್ಲಿ ನೀರು ಬಂತು, ಅದೂ ಒಂದೆರಡು ಗ್ರಾಂ ಇದ್ದೀತೆಂದು ಒರೆಸಿಕೊಳ್ಳದೆ ಬಿಟ್ಟ.

ಆಗಲೇ ಶೆಡ್ಡಿನ ಗಂಟೆ ಹೊಡೆಯಿತು. ಗುಡ್ಡದಾಚೆ ಹಳ್ಳಿಯೊಂದರಲ್ಲಿ ಒಬ್ಬರಿಗೆ ಎದೆನೋವು. ಮೆಕ್ಯಾನಿಕ್ಕು ಅಭ್ಯಾಸಬಲದಿಂದ ಸರಪಳಿ ಬಿಟ್ಟು ಹೆಲಿಕಾಪ್ಟರಿನ ಕಡೆ ಓಡಿದ. ಔಷಧಿ ಚೀಲ ಹಿಡಿದು ಬಂದ ಡಾಕ್ಟರಮ್ಮ ಚಾವಣಿಯಿಂದ ನೇತಾಡುತ್ತಿರುವ ತಮ್ಮ ನರ್ಸನ್ನು ನೋಡಿ ಅಲ್ಲೇ ನಿಂತರು.

"ನರ್ಸಣ್ಣ, ಕೆಲಸ ಹೋಗೋದು ಇನ್ನೂ ಗ್ಯಾರಂಟಿ ಆಗಿಲ್ಲ. ಇಷ್ಟು ಬೇಗ ಯಾಕೆ?"

"ತೂಕ ನೋಡ್ತಿದ್ದೆ ಡಾಕ್ಟರಮ್ಮ. ಸ್ವಲ್ಪ ಇಳಿಸಿ."

ಮೂವರೂ ಹತ್ತಿದರು. ಮುಂದೆ ಹಾರಿಸುವ ಕ್ಯಾಪ್ಟನ್, ಹಿಂದೆ ಡಾಕ್ಟರಮ್ಮ, ಎಡಗಡೆ ನರ್ಸಣ್ಣ. ಕ್ಯಾಪ್ಟನ್ ಹೊರಡುವ ಮುನ್ನ ಲೆಕ್ಕ ಹಾಕಿದರು. ಫೋನಿನಲ್ಲಿ ರೋಗಿಯ ತೂಕ ಎಂಬತ್ತು ಎಂದು ಹೇಳಿದ್ದರು. ರೋಗಿ ನೂರು ಕೆಜಿ ದಾಟಿದರೆ ಈ ಹೆಲಿಕಾಪ್ಟರು ಹೋಗುವಂತಿಲ್ಲ, ದೂರದಿಂದ ದೊಡ್ಡದನ್ನು ಕರೆಸಬೇಕು, ಅದು ಬರಲು ಮೂರು ಗಂಟೆ ಹಿಡಿಯುತ್ತದೆ. ಇದೂ ಮುಖ್ಯ ಕಚೇರಿಯ ನಿಯಮವೇ. ಎಂಬತ್ತಾದರೆ ಯೋಚನೆಯಿಲ್ಲ.

"ನಾಲ್ಕು ಗಂಟೆಯೊಳಗೆ ವಾಪಸ್ ಬರ್ತೀವಾ ಕ್ಯಾಪ್ಟನ್?" ಎಂದು ನರ್ಸಣ್ಣ ಕೇಳಿದ.

"ಬರ್ತೀವಿ. ಆ ತೂಕದ ಸಾಹೇಬ್ರೇ ಇನ್ನೂ ಬಂದಿಲ್ಲ. ಬೆಳಿಗ್ಗೇನೇ ಜೀಪಲ್ಲಿ ಹೊರಟಿದ್ರಂತೆ, ಫೋನಿಗೂ ಸಿಗ್ತಿಲ್ಲ."

ಹಳ್ಳಿಯ ಶಾಲೆಯ ಮೈದಾನ ಮೂರು ಕಡೆ ಮರ, ಒಂದು ಕಡೆ ಗುಡ್ಡ ಇದ್ದ ಇಕ್ಕಟ್ಟಿನ ಜಾಗ. ಇಳಿದಾಗ ಧೂಳೆದ್ದು ಆಡುಗಳು ದಿಕ್ಕಾಪಾಲಾದವು. ಶಾಲೆಯ ಜಗಲಿಯ ಮೇಲೆ ಮಂಚ ಹಾಕಿ ರೋಗಿಯನ್ನು ಮಲಗಿಸಿದ್ದರು. ನರ್ಸಣ್ಣ ನೋಡಿದ. ಮಂಚದ ತುಂಬ ರೋಗಿಯೇ ಇದ್ದರು, ಮಂಚ ಎಲ್ಲಿದೆ ಎಂದು ಹುಡುಕಬೇಕಿತ್ತು.

"ಎಂಬತ್ತು ಕೆಜಿ ಅಂತ ಯಾರಮ್ಮ ಹೇಳಿದ್ದು?" ಎಂದು ಊರಿನ ಆರೋಗ್ಯ ಕಾರ್ಯಕರ್ತೆಯನ್ನು ಮೆಲ್ಲಗೆ ಕೇಳಿದ.

ಆಕೆ ಬೆವರು ಒರೆಸಿಕೊಂಡು ಅಷ್ಟೇ ಮೆಲ್ಲಗೆ ಅಂದಳು, "ನಾನು ಹೇಳಿಲ್ಲ ಸರ್. ಅವರೇ ಫೋನು ಕಿತ್ಕೊಂಡು ಹೇಳಿದ್ರು. ಜೀಪು ಕೆಟ್ಟು, ಆ ಏರು ಹತ್ತಿ ನಡ್ಕೊಂಡು ಬಂದ್ರು ನೋಡಿ, ಬಂದವರೇ ಎದೆ ಹಿಡ್ಕೊಂಡು ಕೂತ್ರು. ನರ ಸಿಗ್ತಾ ಇಲ್ಲ ಸರ್, ಮೂರು ಸಲ ಚುಚ್ಚಿದೆ."

ಚೇಷ್ಟೆಗೆ ಹೊತ್ತಲ್ಲ ಅದು. ರೋಗಿಯ ಮುಖ ಬೂದಿಬಣ್ಣಕ್ಕೆ ತಿರುಗಿತ್ತು, ಹಣೆ ತಣ್ಣಗಿತ್ತು. ನರ್ಸಣ್ಣ ಮಂಡಿಯೂರಿ ಕೂತು ದಪ್ಪ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡ. ಕೊಬ್ಬಿನ ಅಡಿಯಲ್ಲಿ ಅಡಗಿರುವ ನರ ಎಲ್ಲಿರುತ್ತದೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ, ಸ್ವಂತ ಕೈಯಲ್ಲೇ ಅವನು ಅದನ್ನು ಹುಡುಕಿ ಕಲಿತಿದ್ದ. ಒಂದೇ ಚುಚ್ಚಿಗೆ ಸಿಕ್ಕಿತು. ಡಾಕ್ಟರಮ್ಮ ಔಷಧಿ ಬಿಟ್ಟರು. ಸ್ವಲ್ಪ ಹೊತ್ತಿಗೆ ಮುಖಕ್ಕೆ ಬಣ್ಣ ಮರಳಿತು, ಉಸಿರು ಹದಕ್ಕೆ ಬಂತು.

"ಐದು ನಿಮಿಷ ಅಲುಗಾಡಿಸೋದು ಬೇಡ. ಔಷಧಿ ಹಿಡೀಲಿ, ಆಮೇಲೆ ಎತ್ತೋಣ" ಅಂದರು ಡಾಕ್ಟರಮ್ಮ.

ರೋಗಿ ಕಣ್ಣು ತೆರೆದು ನರ್ಸಣ್ಣನ ಅಂಗಿಯ ಮೇಲಿನ ಹೆಸರಿನ ಪಟ್ಟಿ ಓದಿದರು. ಆಮ್ಲಜನಕದ ಮುಸುಕನ್ನು ಮೂಗಿನಿಂದ ಸರಿಸಿ, "ನೀವೇ ಏನ್ರೀ ಆ ಎಂಬತ್ನಾಲ್ಕು?" ಎಂದು ಕೇಳಿದರು.

ನರ್ಸಣ್ಣನಿಗೆ ಆಗ ಮಂಚದ ಪಕ್ಕದ ಕಬ್ಬಿಣದ ಪೆಟ್ಟಿಗೆ ಕಂಡಿತು. ಅದರ ಮೇಲೆ ಮುಖ್ಯ ಕಚೇರಿಯ ಮುದ್ರೆಯಿತ್ತು. ಒಳಗಿರುವುದು ತಕ್ಕಡಿ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಯಾರಿಗಾಗಿ ಬೆಳಗಿನಿಂದ ಉಪವಾಸ ಬಿದ್ದಿದ್ದನೋ ಅವರ ಕೈಯೇ ತನ್ನ ತೊಡೆಯ ಮೇಲಿತ್ತು.

"ಹೌದು ಸಾರ್, ನಾನೇ" ಎಂದ. 

"ನಿಮ್ಮನ್ನ ನೋಡಿದ್ರೆ ಎಂಬತ್ನಾಲ್ಕು ಅನ್ನಿಸಲ್ಲ. ಜನ ಬಾಯಿಗೆ ಬಂದ ತೂಕ ಹೇಳಿಬಿಡ್ತಾರೆ. ಅಂಥೋರಿಗೋಸ್ಕರವೇ ನಾನು ಈ ನಿಯಮ ಬರೆದಿದ್ದು. ಹೇಗೂ ಐದು ನಿಮಿಷ ಇದೆ. ಪೆಟ್ಟಿಗೆ ತೆಗೀರಿ, ಬಂದ ಕೆಲಸ ಮುಗಿದುಹೋಗ್ಲಿ."

"ಸರ್, ನೀವು ಮಾತಾಡಬಾರದು" ಅಂದರು ಡಾಕ್ಟರಮ್ಮ.

"ಮಾತಾಡಲ್ಲ. ಅವರು ನಿಲ್ಲಲಿ, ನಾನು ನೋಡ್ತೀನಿ ಅಷ್ಟೇ."

ಜಗಲಿಯ ಮೇಲೆ ತಕ್ಕಡಿ ಇಟ್ಟರು. ಇಡೀ ಊರು ಸುತ್ತ ನೆರೆಯಿತು. ನರ್ಸಣ್ಣ ಕಣ್ಣು ಮುಚ್ಚಿ ಹತ್ತಿದ. ಬೆಳಗಿನಿಂದ ಓಡಿದ್ದು, ನೇತಾಡಿದ್ದು, ಬಾಯಾರಿದ್ದು ಎಲ್ಲವೂ ಒಂದು ಮುಳ್ಳಿನ ಮೇಲೆ ನಿಂತಿತ್ತು. ಕೆಲಸ ಹೋದರೂ ಹೋಗಲಿ, ಇಷ್ಟು ಜನರ ಎದುರು ಮಾತ್ರ ಬೇಡ ಎಂದು ಮನಸ್ಸು ಬೇಡಿಕೊಂಡಿತು.

"ಎಂಬತ್ತೊಂಬತ್ತು ಮುಕ್ಕಾಲು" ಎಂದು ಆರೋಗ್ಯ ಕಾರ್ಯಕರ್ತೆ ಗಟ್ಟಿಯಾಗಿ ಓದಿದಳು.

ಊರಿನವರಿಗೆ ವಿಷಯ ಏನೆಂದು ಗೊತ್ತಿರಲಿಲ್ಲ, ಆದರೂ ಚಪ್ಪಾಳೆ ತಟ್ಟಿದರು. ಸಾಹೇಬರು ತಲೆಯಾಡಿಸಿ, "ಪಾಸು. ಆಸ್ಪತ್ರೆ ಸೇರಿದ ಮೇಲೆ ಬರ್ಕೊಳ್ತೀನಿ" ಅಂದರು. ನರ್ಸಣ್ಣನಿಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು. ಅವರು ಮಲಗಿದ್ದರಿಂದ ಕಾಲೇನೋ ಅನುಕೂಲವಾಗಿಯೇ ಇತ್ತು, ಆದರೆ ಬಗ್ಗಿದರೆ ತಲೆಸುತ್ತು ಬರುವ ಸ್ಥಿತಿಯಲ್ಲಿ ಅವನಿದ್ದ.

ಸ್ಟ್ರೆಚರ್ ಎತ್ತಲು ನಾಲ್ವರು ಬಂದರು. ಎತ್ತಲಾಗಲಿಲ್ಲ. ಆರು ಜನರಾದರು. ಎಂಟನೆಯವನು ಕೈ ಹಾಕಿದ ಮೇಲೆ ಅದು ನೆಲ ಬಿಟ್ಟಿತು. ಕ್ಯಾಪ್ಟನ್ ಇದನ್ನೆಲ್ಲ ದೂರದಿಂದ ನೋಡಿ ಹುಬ್ಬು ಗಂಟಿಕ್ಕಿಕೊಂಡರು. ಸಾಹೇಬರನ್ನೂ ಸಾಹೇಬರ ಪೆಟ್ಟಿಗೆಯನ್ನೂ ಒಳಗೆ ಹಾಕಿ, ರೆಕ್ಕೆ ತಿರುಗಿಸಿದರು. ಹೆಲಿಕಾಪ್ಟರು ಒಂದು ಗೇಣು ಮೇಲೆದ್ದು, ನಡುಗಿ, ಮತ್ತೆ ನೆಲಕ್ಕೆ ಕೂತಿತು. ಸೊಂಟ ಹಿಡಿದುಕೊಂಡು ಏಳಲು ಹೋದ ಮುದುಕಿ ಬೇಡಪ್ಪಾ ಎಂದು ಮತ್ತೆ ಕೂತ ಹಾಗಿತ್ತು.

"ಸರ್, ನಿಮ್ಮ ತೂಕ ಎಷ್ಟು ಅಂದ್ರಿ?" ಎಂದು ಕ್ಯಾಪ್ಟನ್ ತಿರುಗಿ ಕೇಳಿದರು.

"ಎಂಬತ್ತು" ಅಂದರು ಸಾಹೇಬರು, ಮುಸುಕಿನ ಒಳಗಿಂದ.

ಪೆಟ್ಟಿಗೆ ಕೆಳಗಿಳಿಯಿತು. ಆದರೂ ಏಳಲಿಲ್ಲ. ಕ್ಯಾಪ್ಟನ್ ಎದುರಿನ ಮೀಟರು ನೋಡಿ, ಬೆರಳು ಮಡಿಸಿ ಲೆಕ್ಕ ಹಾಕಿ, "ಇನ್ನೂ ಹದಿನೇಳು ಕೆಜಿ ಜಾಸ್ತಿ ಇದೆ. ಸುತ್ತ ಮರ, ಈ ಬಿಸಿಲಲ್ಲಿ ನಾನು ಎಬ್ಬಿಸೋ ಹಾಗಿಲ್ಲ. ಒಬ್ರು ಇಳೀಬೇಕು" ಅಂದರು.

ಕ್ಯಾಪ್ಟನ್ ಇಳಿದರೆ ಹಾರಿಸುವವರಿಲ್ಲ. ಡಾಕ್ಟರಮ್ಮ ಇಳಿದರೆ ಹೃದಯ ನೋಡುವವರಿಲ್ಲ. ರೋಗಿ ಇಳಿದರೆ ಹಾರುವುದೇ ಬೇಕಿಲ್ಲ. ನರ್ಸಣ್ಣ ಯಾರೂ ಹೇಳುವ ಮೊದಲೇ ಪಟ್ಟಿ ಬಿಚ್ಚಿದ. ಒಂದು ದಿನದ ಉಪವಾಸದಿಂದ ಗಳಿಸಿದ ಸೀಟಿನಲ್ಲಿ ಅವನು ಕೂತದ್ದು ಎರಡು ನಿಮಿಷ. ಆದರೂ ಇಳಿಯುವಾಗ ಅವನಿಗೆ ಬೇಸರವಾಗಲಿಲ್ಲ. ಪಾಸಾಗಿದ್ದೇನೆ, ನಾಳೆ ಕೂರುತ್ತೇನೆ, ಇವತ್ತು ಈ ಮನುಷ್ಯ ಬದುಕಿದರೆ ಸಾಕು ಎಂದುಕೊಂಡ. ಇಳಿಯುವ ಮುನ್ನ ಸಾಹೇಬರ ಕೈಯ ಸೂಜಿ ಸರಿಯಿದೆಯೇ ಎಂದು ಇನ್ನೊಮ್ಮೆ ನೋಡಿ, ಹೊದಿಕೆ ಎಳೆದು ಮುಚ್ಚಿದ.

ಈ ಸಲ ಹೆಲಿಕಾಪ್ಟರು ಸಲೀಸಾಗಿ ಎದ್ದು, ಮರದ ತುದಿ ದಾಟಿ, ಗುಡ್ಡದ ಹಿಂದೆ ಮರೆಯಾಯಿತು. ನರ್ಸಣ್ಣ ಧೂಳಿನಲ್ಲಿ ಪೆಟ್ಟಿಗೆಯ ಮೇಲೆ ಕೂತ.

"ಮುಂದಿನ ಊರಿಗೆ ಟ್ರ್ಯಾಕ್ಟರು ಹೋಗೋದು ಇನ್ನು ಒಂದೂವರೆ ಗಂಟೆ ಬಿಟ್ಟು ಸರ್" ಅಂದಳು ಆರೋಗ್ಯ ಕಾರ್ಯಕರ್ತೆ. "ಮುಖ ಬಾಡಿಹೋಗಿದೆ. ಊಟ ಮಾಡಿದ್ರಾ?"

ಆ ಪ್ರಶ್ನೆಯನ್ನು ಬೆಳಗಿನಿಂದ ಯಾರೂ ಅವನಿಗೆ ಕೇಳಿರಲಿಲ್ಲ. ಅವನು ಪೆಟ್ಟಿಗೆ ಎತ್ತಿಕೊಂಡು ಆಕೆಯ ಹಿಂದೆ ಹೊರಟ.

ಆಕೆಯ ಮನೆಯ ಅಡುಗೆಕೋಣೆಯಲ್ಲಿ ಮಣೆ ಹಾಕಿ ಕೂರಿಸಿದರು. ಮೊದಲು ಒಂದು ತಂಬಿಗೆ ನೀರು ಕುಡಿದ. ಆಮೇಲೆ ಊಟ ಬಂತು, ಬಿಸಿಯಾಗಿ, ಹಬೆಯಾಡುತ್ತ. ಆಕೆಯ ಅತ್ತೆ ಬಡಿಸುತ್ತಿದ್ದರು, ಆಕೆ ಪಕ್ಕದಲ್ಲಿ ಕೂತು, "ಒಂದೇ ಚುಚ್ಚಿಗೆ ಹಿಡಿದ್ರು ಅತ್ತೆ" ಎಂದು ಹೊಗಳುತ್ತಿದ್ದಳು. ನರ್ಸಣ್ಣ ಎರಡು ಸಲ ಹಾಕಿಸಿಕೊಂಡ. ಪರೀಕ್ಷೆ ಮುಗಿದ ಮೇಲೆ ಪುಸ್ತಕ ಬಿಸಾಡಿದವನ ಸುಖ ಅವನ ಮುಖದಲ್ಲಿತ್ತು. ಹೆಂಡತಿಗೆ ಫೋನು ಮಾಡಿ, "ಪಾಸು ಕಣೇ. ಮೇಷ್ಟ್ರಿಗೂ ಹೇಳು" ಎಂದ. ಆ ಕಡೆಯಿಂದ ಸೀಟಿ ಊದಿದ ಸದ್ದು ಕೇಳಿಸಿತು.

ಮೂರನೇ ಸಲ ತಟ್ಟೆಗೆ ಬಡಿಸುವ ಹೊತ್ತಿಗೆ ಕ್ಯಾಪ್ಟನ್ ಫೋನು ಬಂತು.

"ಸಾಹೇಬ್ರು ಹೇಗಿದಾರೆ ಕ್ಯಾಪ್ಟನ್?"

"ಚೆನ್ನಾಗಿದಾರೆ. ಸರಿಯಾದ ಹೊತ್ತಿಗೆ ತಂದ್ರಿ ಅಂತ ಆಸ್ಪತ್ರೇಲಿ ಹೇಳಿದ್ರು. ಪ್ರಾಣಕ್ಕೇನೂ ಯೋಚನೆ ಇಲ್ಲ." ಕ್ಯಾಪ್ಟನ್ ಸ್ವಲ್ಪ ತಡೆದರು. "ನರ್ಸಣ್ಣ, ಒಂದು ವಿಷಯ. ನಿಮ್ಮನ್ನ ಯಾಕೆ ಬಿಟ್ಟು ಬಂದೆ ಅಂತ ನಾನು ವರದಿ ಬರೀಬೇಕಲ್ಲ. ಯಂತ್ರ ತೋರಿಸಿದ ಒಟ್ಟು ತೂಕ ಅದರ ನೆನಪಲ್ಲೇ ಇರುತ್ತೆ, ಅದನ್ನ ಬದಲಾಯಿಸೋಕೆ ಆಗಲ್ಲ. ನಾವು ಮೂವರನ್ನ ಕಳೆದ್ರೆ ಸಾಹೇಬ್ರ ಪಾಲಿಗೆ ನೂರ ಹದಿನೆಂಟು ಬರುತ್ತೆ."

"ನನಗೂ ಹಾಗೇ ಅನ್ನಿಸಿತ್ತು."

"ಆದ್ರೆ ನೂರ ಹದಿನೆಂಟು ಅಂತ ಬರೆದ್ರೆ, ಸುಳ್ಳು ತೂಕ ಹೇಳಿ ಹೆಲಿಕಾಪ್ಟರ್ ತರಿಸಿದ್ರು ಅಂತಾಗುತ್ತೆ. ನೂರು ಮೀರಿದ ರೋಗಿಯನ್ನ ಹತ್ತಿಸಬಾರದು ಅಂತ ನಿಯಮ ಬರೆದೋರೂ ಅವರೇ. ಮೇಲೆ ಹಾರ್ತಾ ಇರೋವಾಗಲೇ ಮುಸುಕು ಸರಿಸಿ, ಎಂಬತ್ತೇ ಬರೀರಿ ಅಂತ ಹಟ ಹಿಡಿದ್ರು. ಮಿಕ್ಕ ಮೂವತ್ತೆಂಟು ಎಲ್ಲಿ ಹಾಕ್ಲಿ ಸಾರ್ ಅಂದೆ. ಇಳಿದು ಹೋದೋರ ಮೇಲೆ ಹಾಕಿ ಅಂದ್ರು."

ನರ್ಸಣ್ಣ ಬಾಯಿಗಿಟ್ಟ ತುತ್ತು ಅಲ್ಲೇ ಉಳಿಯಿತು. ತೊಂಬತ್ತಕ್ಕೆ ಮೂವತ್ತೆಂಟು ಸೇರಿದರೆ ಎಷ್ಟು ಎಂದು ಲೆಕ್ಕ ಹಾಕಲು ಅವನಿಗೆ ಧೈರ್ಯ ಸಾಲಲಿಲ್ಲ. ಕ್ಯಾಪ್ಟನ್ನೇ ಹೇಳಿದರು.

"ನೂರ ಇಪ್ಪತ್ತೆಂಟು. ನಾನು ಒಪ್ಪಲಿಲ್ಲ ನರ್ಸಣ್ಣ. ಆದ್ರೆ ಅವರ ನಾಡಿ ಓಡೋಕೆ ಶುರುವಾಯ್ತು, ಏನು ಹೇಳಿದ್ರೂ ಹೂಂ ಅನ್ನಿ ಅಂತ ಡಾಕ್ಟರಮ್ಮ ಸನ್ನೆ ಮಾಡಿದ್ರು. ಬರೆದುಕೊಟ್ಟೆ. ಅಲ್ಲೇ ಮಲಗಿಕೊಂಡೇ ರುಜು ಹಾಕಿ, ಜೇಬಿಂದ ಮುದ್ರೆ ತೆಗೆದು ಒತ್ತಿಬಿಟ್ರು. ಇನ್ನು ಅದು ದಾಖಲೆ."

ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತು ಎಂದು ಚಿಕ್ಕಂದಿನಲ್ಲಿ ಕೇಳಿದ್ದು ನರ್ಸಣ್ಣನಿಗೆ ನೆನಪಾಯಿತು. ಈ ಊಟದವರೆಗೆ ಮೇಕೆ ಏನನ್ನೂ ತಿಂದೂ ಇರಲಿಲ್ಲ. ಅವನಿಗೆ ನಿಜವಾಗಿ ಸಿಟ್ಟು ಬಂತು, ಕಣ್ಣು ಉರಿಯಿತು. ಕೂಗಾಡಬೇಕೆನ್ನಿಸಿತು. ಆದರೆ ತನಗೆ ಬೇಕಾದ ತೂಕ ಹೇಳಿ ನಾಲ್ಕು ವರ್ಷ ಹಾರಾಡಿದವನು ಯಾವ ಬಾಯಿಂದ ಕೂಗಾಡಬೇಕು? ಸಾಹೇಬರಾದರೂ ಪ್ರಾಣಭಯದಿಂದ ಹೇಳಿದ್ದರು. ತಾನು ಹೇಳಿದ್ದು ಬರೀ ಜಂಬಕ್ಕೆ.

"ಹಾಗಾದ್ರೆ ನಾಳೆಯಿಂದ ಉಗ್ರಾಣ" ಎಂದ.

"ಪೂರ್ತಿ ಅಲ್ಲ. ಸಾಹೇಬ್ರು ಉಪಕಾರ ಮರೆಯೋರಲ್ಲ. ಒಂದೇ ಚುಚ್ಚಿಗೆ ನರ ಹಿಡಿದ ಮನುಷ್ಯ, ಅವನಿಗೆ ಒಂದು ಅವಕಾಶ ಕೊಡಿ ಅಂತ ಅವರೇ ಬರೆಸಿದಾರೆ. ಸದ್ಯಕ್ಕೆ ಉಗ್ರಾಣದಲ್ಲಿರ್ತೀರಿ. ತಿಂಗಳಿಗೆ ಮೂರು ಕೆಜಿ ಇಳಿಸ್ತಾ ಬರಬೇಕು. ತೊಂಬತ್ತಕ್ಕೆ ಬಂದ ದಿನ ಸೀಟು ವಾಪಸ್."

ನರ್ಸಣ್ಣನಿಗೆ ಹೋದ ಜೀವ ಬಂದ ಹಾಗಾಯಿತು. "ನಾನು ಈಗಲೇ ತೊಂಬತ್ತರೊಳಗಿದೀನಲ್ಲ ಕ್ಯಾಪ್ಟನ್. ನಾಳೆ ಬೆಳಿಗ್ಗೆನೇ ಬಂದು ತೂಗಿಸಿಕೊಳ್ತೀನಿ. ತಕ್ಕಡಿ ನನ್ನ ಹತ್ರಾನೇ ಇದೆ."

"ಅದೇ ತೊಂದರೆ ಆಗಿರೋದು." ಕ್ಯಾಪ್ಟನ್ ದನಿ ತಗ್ಗಿತು. "ಇವತ್ತು ನೂರ ಇಪ್ಪತ್ತೆಂಟಿದ್ದೋನು ನಾಳೆ ತೊಂಬತ್ತಾದ್ರೆ ವಿಚಾರಣೆ ಆಗುತ್ತೆ. ವಿಚಾರಣೆ ಆದ್ರೆ ಸಾಹೇಬ್ರದ್ದು ಹೊರಗೆ ಬರುತ್ತೆ, ಬರೆದುಕೊಟ್ಟ ನಂದೂ ಬರುತ್ತೆ, ಎಂಬತ್ನಾಲ್ಕು ಅಂತ ಬರೆಸಿದ ನಿಮ್ಮದೂ ಬರುತ್ತೆ. ಮೂವರೂ ಮನೆಗೆ. ಮೊದಲನೇ ತೂಕ ಮುಂದಿನ ತಿಂಗಳು, ಬೇರೆ ಅಧಿಕಾರಿ ಬರ್ತಾರೆ. ಆ ಹೊತ್ತಿಗೆ ನೀವು ಲೆಕ್ಕಕ್ಕೆ ಸರಿಯಾಗಿ ನೂರ ಇಪ್ಪತ್ತೈದಕ್ಕೆ ಬಂದಿರಬೇಕಂತೆ."

"ಇಳಿದಾ ಕ್ಯಾಪ್ಟನ್?"

"ಏರಿ."

ಫೋನು ಇಟ್ಟಾಯಿತು. ನರ್ಸಣ್ಣ ತಟ್ಟೆ ನೋಡಿಕೊಂಡ. ತಿನ್ನಬಾರದು ಅಂದಾಗ ಬೆಂಕಿಯಂತಿದ್ದ ಹಸಿವು, ತಿನ್ನಲೇಬೇಕು ಅಂದ ಕೂಡಲೇ ಹೇಳದೆ ಕೇಳದೆ ಎದ್ದು ಹೋಗಿತ್ತು. ಹೊರಗೆ ಟ್ರ್ಯಾಕ್ಟರು ಶುರುವಾದ ಸದ್ದು ಕೇಳಿಸಿತು.

"ಯಾಕಪ್ಪಾ, ಸಾಕಾಯ್ತಾ?" ಎಂದು ಆಕೆಯ ಅತ್ತೆ ಸೌಟು ಹಿಡಿದು ಕೇಳಿದರು.

ನರ್ಸಣ್ಣ ನಿಟ್ಟುಸಿರು ಬಿಟ್ಟು ತಟ್ಟೆಯನ್ನು ಮುಂದಕ್ಕೆ ತಳ್ಳಿದ.

"ಸಾಕು ಅನ್ನೋ ಹಾಗಿಲ್ಲಮ್ಮ ಇನ್ನು. ಹಾಕಿ."